ಸೋಪಿನ ಸುಂಕ

ಆ ಪುಟ್ಟ ದ್ವೀಪದೇಶದಲ್ಲಿ ಸೋಪಿನ ಕಾರ್ಖಾನೆ ಇದ್ದದ್ದು ಒಂದೇ. ಅದನ್ನು ನಡೆಸುತ್ತಿದ್ದವರು ಸೌಭಾಗ್ಯಮ್ಮ. ಹೊರದೇಶದ ಸೋಪಿನ ಮೇಲಿನ ಸುಂಕ ತೆಗೆದುಹಾಕಿದರೆ ಏನಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸವನ್ನು ಸರ್ಕಾರ ವಹಿಸಿದ್ದು ಅವರ ಮಗಳು ಶಾಲ್ಮಲಿಗೆ.

ಉತ್ತರ ಸ್ಪಷ್ಟವಾಗಿಯೇ ಬಂತು. ಸೋಪು ಅಗ್ಗವಾಗುತ್ತದೆ, ಇಡೀ ದೇಶಕ್ಕೆ ಲಾಭವಾಗುತ್ತದೆ, ಮುಚ್ಚುವುದು ಒಂದೇ ಒಂದು ಕಾರ್ಖಾನೆ.

ಊಟಕ್ಕೆ ಕೂತಾಗ ಮಗಳು ತಡೆಯಲಾರದೆ ಹೇಳಿಬಿಟ್ಟಳು.

"ಅಮ್ಮಾ, ಸುಂಕ ಹೋಗೋದು ಗ್ಯಾರಂಟಿ. ಆಮೇಲೆ ನಮ್ಮ ಸೋಪನ್ನ ಯಾರೂ ಕೊಳ್ಳಲ್ಲ."

"ನಿನ್ನ ಲೆಕ್ಕ ತಪ್ಪೋ ಹಾಗಿಲ್ವಾ?"

"ಇಲ್ಲಮ್ಮ."

"ಸರಿ, ಸಾರು ಹಾಕ್ಕೋ," ಎಂದ ಸೌಭಾಗ್ಯಮ್ಮ ಒಂದು ತುತ್ತನ್ನೂ ಎತ್ತದೆ ಕೈ ತೊಳೆದರು. ಆ ತುಂಬಿದ ತಟ್ಟೆ ಮಗಳ ಕಣ್ಣಿಂದ ಹೋಗಲಿಲ್ಲ.

ವರದಿ ಒಪ್ಪಿಸಲು ಇನ್ನೂ ಒಂದು ತಿಂಗಳಿತ್ತು. ಕೊನೆಯ ದಿನ ಶಾಲ್ಮಲಿ ಎರಡು ಅಂಕಿಗಳನ್ನು ಮೆಲ್ಲಗೆ ಬದಲಿಸಿದಳು. ವರದಿಯಲ್ಲಿ ದೇಶದ ಲಾಭ ಹೋಗಿ ನಷ್ಟ ಬಂತು.

"ಮೊದಲ ಕರಡಲ್ಲಿ ಲಾಭ ಅಂದಿದ್ರಲ್ಲಮ್ಮ?" ಎಂದರು ಮಂತ್ರಿಗಳು.

"ಒಂದು ಅಂಶ ಬಿಟ್ಟುಹೋಗಿತ್ತು ಸಾರ್."

ಮಂತ್ರಿಗಳು ಕಡತ ಮುಚ್ಚಿದರು. ಸುಂಕ ಉಳಿಯಿತು.

ಜೀವನದಲ್ಲಿ ಮೊದಲ ಬಾರಿ ಸುಳ್ಳು ಲೆಕ್ಕ ಕೊಟ್ಟವಳು ಏದುಸಿರು ಬಿಡುತ್ತಾ ಮನೆಗೆ ಓಡಿದಳು.

"ಅಮ್ಮಾ, ಸುಂಕ ತೆಗೀತಿಲ್ಲ! ಇನ್ನು ನೀನು ಧೈರ್ಯವಾಗಿ ಸೋಪು ಮಾಡು!"

ಸೌಭಾಗ್ಯಮ್ಮ ದೊಪ್ಪನೆ ಕುರ್ಚಿಯಲ್ಲಿ ಕುಳಿತರು.

"ಯಾತರಲ್ಲೇ ಮಾಡ್ಲಿ? ನಿನ್ನ ಲೆಕ್ಕ ನಂಬ್ಕೊಂಡು ಮಿಷನ್ನೆಲ್ಲಾ ಮಾರಿ, ಒಂದು ಹಡಗು ಫಾರಿನ್ ಸೋಪು ತರಿಸ್ತಾ ಇದೀನಲ್ಲೇ!"