ನಾಲಿಗೆಗೆ ಅಂಟಿದ ದವಡಿ

ಆಗ ನನಗೆ ಒಂಬತ್ತು ವರ್ಷ, ಅರವತ್ತು ವರ್ಷದ ಹಿಂದಿನ ಮಾತು. ಮೊನ್ನೆ ಪಿಂಪ್ರಿ ಮನ್ಯಾಗ ಮೊಮ್ಮಗಳು ಪ್ಲಾಸ್ಟಿಕ್ ಡೈನೋಸಾರ್ ಬಾಯಾಗ ಇಟ್ಟುಕೊಂಡಿದ್ದು ನೋಡಿ ನೆನಪಾತು.

ನಾವಿದ್ದ ದೌಂಡದ ರೈಲ್ವೆ ಕ್ವಾರ್ಟರ್ಸಿಗೆ ಒಂದು ಮಧ್ಯಾಹ್ನ ಅಪ್ಪನ ಗೆಳೆಯ ಬಂದ. ನರ್ಮದಾ ಕಡೆ ಹಳೇ ಕಾಲದ ಎಲುಬು ಹುಡುಕಲಿಕ್ಕೆ ನೆಲ ಅಗೆಸುವ ಕೆಲಸ ಅವಂದು. ಚೀಲದಿಂದ ಒಂದು ದವಡಿ ತುಂಡು ತೆಗೆದ. ಹಳೇ ಹುಣಸಿಹಣ್ಣಿನ ಬಣ್ಣ, ಒರಟು. ಅದರಾಗಿನ ಒಂದೇ ಹಲ್ಲಿನ ಅಂಚು ಗರಗಸದಂಗ ಇತ್ತು.

"ಮಾಂಸ ತಿನ್ನೋ ಡೈನೋಸಾರಿಂದು ಇದು. ಆ ಕಡೆ ಭಾಳ ಜಾತಿ ಇದ್ದವು. ಆಡಿನಷ್ಟು ಸಣ್ಣವು, ಅರ್ಧ ರೈಲು ಡಬ್ಬಿಯಷ್ಟು ಉದ್ದದವು."

"ನೀ ನೋಡೀಯೇನಪಾ?" ಅಂದಳು ಅಜ್ಜಿ.

ನನಗೂ ನಂಬಿಕೆ ಬರಲಿಲ್ಲ. ನಮ್ಮ ಕುಡುಗೋಲಿಗೂ ಹಲ್ಲು ಅದಾವ, ಅದು ಕೊಯ್ಯೋದು ಬರೀ ಹುಲ್ಲು ಅಂದೆ.

ಅವ ನಕ್ಕ. "ನಾಲಿಗಿ ಹಚ್ಚಿ ನೋಡವ್ವಾ. ಹಳೇ ಎಲುಬಾದ್ರ ಅಂಟತದ, ಬರೀ ಕಲ್ಲಾದ್ರ ಅಂಟಂಗಿಲ್ಲ."

ಹಚ್ಚಿದೆ. ದವಡಿ ನಾಲಿಗೆಯನ್ನ ಗಟ್ಟಿ ಹಿಡಕೊಂತು.

ಅಜ್ಜಿ ಎದ್ದು ನಿಂತಳು. ಮೊಟ್ಟೆ ಸುದ್ದಾ ಹೊಸ್ತಿಲು ದಾಟದ ಮನಿ ನಮ್ಮದು. "ಎಲುಬು ನೆಕ್ಕಿದಾಕಿ ಅಡಗಿಮನಿಗೆ ಕಾಲಿಡಬಾರದು."

"ಅದು ಕಲ್ಲು, ಯವ್ವಾ. ಎಲ್ಲಾ ಕಲ್ಲೂ ಹಂಗ ಅಂಟತಾವ," ಅಂದ ಅಪ್ಪ. ಗೆಳೆಯ ಚಹಾದ ಬಟ್ಟಲು ನೋಡುತ್ತಾ ಕುಂತ. ಅಜ್ಜಿ ಇಬ್ಬರ ಮಾರಿನೂ ನೋಡಿದಳು. ಸಂಜಿಗೆ ನನ್ನ ತಾಟು ಪಡಸಾಲಿಗೆ ಬಂತು.

ಮರುದಿನ ಬೆಳಿಗ್ಗೆ ರೈಲು ಹಳಿ ಕಡೆ ಹೋಗಿ ಕರಿ ಕಲ್ಲುಗಳನ್ನ ಲಂಗಕ್ಕೆ ಒರೆಸಿ ಒರೆಸಿ ನೆಕ್ಕಿದೆ. ಒಂದೂ ಅಂಟಲಿಲ್ಲ. ಮನಿಗೆ ಬಂದು, "ಎಲ್ಲಾ ಕಲ್ಲೂ ಅಂಟತಾವ ಅಜ್ಜಿ," ಅಂದು ಅಡಗಿಮನ್ಯಾಗ ಅವ್ವನ ಬಾಜೂಕ ರೊಟ್ಟಿಗೆ ಕುಂತೆ.