ಕಣ್ಣಂಚಿನ ನುಗ್ಗೆಮರ

"ನಿನ್ನ ಹೊಸಾ ಔಷಧ ನಿನ್ನ ಕಣ್ಣಿಗೇ ಹಾಕ್ಕೋ. ನನಗ ನಮ್ಮ ನುಗ್ಗಿ ಬೀಜದ್ದೇ ಬೇಕು," ಎಂದು ನೀಲವ್ವ ಮೇಜು ಗುದ್ದಿದಳು.

"ಅದರಿಂದ ಕಣ್ಣಿನ ಒತ್ತಡ ಇಳಿದಿಲ್ಲಕ್ಕಾ. ಕರಿಜೀರಿಗಿ ರಸಕ್ಕ ಉಳಿದವರಿಗೆಲ್ಲಾ ಇಳದೈತಿ," ಎಂದಳು ಔಷಧ ಪರೀಕ್ಷೆಯ ನರ್ಸ್ ಜೈಬುನ್.

ಗ್ಲಾಕೋಮಾ ನೋಟದ ಅಂಚುಗಳನ್ನು ತಿನ್ನುತ್ತ ಬರುತ್ತದೆ. ಬೀಜದ ರಸವನ್ನು ಕಣ್ಣಿಗೆ ಹಾಕಿದರೆ ಆ ಖಾಲಿ ಅಂಚಿನಲ್ಲಿ ಬೀಜ ಬೆಳೆದ ಜಾಗ ಕಾಣುತ್ತದೆ. "ಮಗ್ಗಲಿಗೆ ಏನ್ ಕಾಣಸ್ತೈತಿ?" ಎಂದು ಜೈಬುನ್ ಪ್ರತಿ ವಾರ ಕೇಳುತ್ತಿದ್ದಳು. ಯಾರದೋ ಹೊಲ, ಯಾರದೋ ಎತ್ತು ಎನ್ನುತ್ತಿದ್ದರು ಉಳಿದ ರೋಗಿಗಳೆಲ್ಲ. ನೀಲವ್ವ ಮಾತ್ರ ತನ್ನ ಹಿತ್ತಲಿನ ಬೀಜವನ್ನೇ ತಂದುಕೊಟ್ಟಿದ್ದಳು. ಗಂಡ ತೀರಿಹೋದ ವರ್ಷದ ಕಾಯಿಯದು.

"ಮುದುಕ ನನ್ನ ಕೂಡ ಮಾತು ಬಿಟ್ಟಾಂವ ಹಂಗೇ ಸತ್ತ. ಈಗ ಮರದ ಬುಡಕ ನೀರು ಹಾಕ್ಕೋತ ಬೆನ್ನು ಮಾಡಿ ನಿಂತಾನ. ಒಂದು ಸಲ ಹೊರಳಿ ನೋಡಲಿ, ಆಮ್ಯಾಲೆ ನಿನ್ನ ಕರಿಜೀರಿಗಿ ಹಾಕು."

"ಅಷ್ಟೊತ್ತಿಗೆ ಕಣ್ಣೇ ಇರಂಗಿಲ್ಲಕ್ಕಾ."

ನೀಲವ್ವ ನುಗ್ಗೆರಸದ ಸೀಸೆಯನ್ನು ಸೆರಗಿಗೆ ಕಟ್ಟಿಕೊಂಡು ಎದ್ದಳು. ಅವಳ ಎಡಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ಬಾಗಿಲನ್ನು ಬೈಯಬಹುದು ಎಂದುಕೊಂಡಳು ಜೈಬುನ್. ನೀಲವ್ವ ಯಾರೂ ಇಲ್ಲದ ಎಡಕ್ಕೆ ಮುಖ ಮಾಡಿ, "ನಡಿ, ಮನಿಗೆ ಹೋಗೂಣು," ಎಂದು ಮೆತ್ತಗೆ ಹೇಳಿ ಹೊರಬಿದ್ದಳು. ಮತ್ತೆ ಆ ಕೋಣೆಗೆ ಬರಲಿಲ್ಲ.