ಜೋಲಿ ಕಟ್ಟಿದ ಶಾಲೆ

ಕಬ್ಬು ಕಡಿಯಲು ಗುಳೆ ಬಂದವರ ಮಕ್ಕಳ ಟೆಂಟ್ ಶಾಲೆಯಲ್ಲಿ ಅಂದು ಬಹು ಗಹನವಾದ ಪ್ರಶ್ನೆಯೊಂದು ಇತ್ಯರ್ಥವಾಗಬೇಕಿತ್ತು: ಕೂಸಿನ ಜೋಲಿಯನ್ನು ಯಾವ ಗಳಕ್ಕೆ ಕಟ್ಟುವುದು? ತಮ್ಮನನ್ನು ಆಡಿಸುವುದರಲ್ಲೇ ಹತ್ತು ವರ್ಷದ ದ್ಯಾಮವ್ವ ವಾರದಿಂದ ಪಾಟಿ ಮುಟ್ಟಿರಲಿಲ್ಲ.

"ನಡುವಿನ ಗಳಕ್ಕ ಕಟ್ಟು, ಚಂದವ್ವಾ. ಕೂಸಿನ್ನ ನಾ ತೂಗ್ತೀನಿ, ನಿನ್ನ ಮಗಳು ಓದ್ಲಿ," ಎಂದರು ಶಿಕ್ಷಕಿ ಸುಭದ್ರಾ.

"ದಿನಾ ತೂಗ್ತೀರೇನ್ರಿ, ಅಕ್ಕೋರ? ಭಾಳ ಅಳಬುರುಕ ಐತಿ."

"ಅಳ್ಲಿ ಬಿಡು. ಮಗ್ಗಿ ಕೇಳಿದ್ರ ಎಂಥವರೂ ಮಲಗ್ತಾರ."

ಚಂದವ್ವ ಕೈ ಮುಗಿದಳು. "ದೇವ್ರು ಬಂದಂಗ ಬಂದ್ರಿ."

ಗೆದ್ದ ಹಿಗ್ಗಿನಲ್ಲಿ ಸುಭದ್ರಾ ಹೊಸ ನೋಟುಬುಕ್ಕಿನ ಮೇಲೆ ಹುಡುಗಿಯ ಹೆಸರು ಬರೆದಿಟ್ಟರು.

ಮರುದಿನ ಬೆಳಿಗ್ಗೆ ಕೂಸು ಶಾಲೆಗೆ ಬಂತು. ಕೈ ಬಿಡುವಾದ ದ್ಯಾಮವ್ವ ಅವ್ವನ ಜೊತೆ ಕಬ್ಬಿನ ಹೊರೆ ಕಟ್ಟಲು ಹೊಲಕ್ಕೆ ಹೋದಳು.